ಮತ ಕಾಣದು, ಮೊತ್ತ ಕಾಣುವುದು: ಬ್ಲಾಕ್‌ಚೈನ್ ಮೇಲೆ ಗುಪ್ತ ಮತದಾನ ಕಟ್ಟಿದ ದಾಖಲೆ

ಬೆಂಗಳೂರಿನಲ್ಲಿ ನಾವಿರುವ ವಸತಿ ಸಮುಚ್ಚಯದಲ್ಲಿ 64 ಮನೆಗಳಿವೆ. ಕಳೆದ ಮಹಾಸಭೆಯಲ್ಲಿ ಹೊಸ ಕೊಳವೆಬಾವಿ ಕೊರೆಸಬೇಕೇ ಅಥವಾ ಟ್ಯಾಂಕರ್ ನೀರನ್ನೇ ನೆಚ್ಚಿಕೊಂಡಿರಬೇಕೇ ಎಂಬ ಪ್ರಶ್ನೆ ಬಂದಾಗ, ಪರವಾಗಿರುವವರು ಕೈ ಎತ್ತಿ ಎಂದು ಅಧ್ಯಕ್ಷರು ಹೇಳಿದರು. ನನ್ನ ಪಕ್ಕದಲ್ಲಿದ್ದ ನಿವೃತ್ತ ಶಿಕ್ಷಕಿಯವರು ಪರವಾಗಿಯೂ ಕೈ ಎತ್ತಲಿಲ್ಲ, ವಿರೋಧವಾಗಿಯೂ ಎತ್ತಲಿಲ್ಲ. ಮೆಟ್ಟಿಲು ಇಳಿಯುವಾಗ ಕಾರಣ ಕೇಳಿದೆ. "ಎದುರು ಮನೆಯವರ ಮುಖ ದಿನಾ ನೋಡಬೇಕಲ್ಲಪ್ಪಾ" ಎಂದರು. ಚೀಟಿ ಬರೆದು ಡಬ್ಬಿಗೆ ಹಾಕಿಸಬಹುದಿತ್ತು. ಆದರೆ ಹಲವು ಮನೆಗಳ ಮಾಲೀಕರು ಬೇರೆ ಊರುಗಳಲ್ಲಿ, ಬೇರೆ ದೇಶಗಳಲ್ಲಿ ಇದ್ದಾರೆ. ಹಿಂದೊಮ್ಮೆ ಅವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಮತಗಳ ಎಣಿಕೆಯ ಬಗ್ಗೆ ಎದ್ದ ಜಗಳ ಇನ್ನೂ ತಣ್ಣಗಾಗಿಲ್ಲ. ಎಣಿಕೆಯನ್ನು ಯಾರು ಬೇಕಾದರೂ ತಾಳೆ ನೋಡುವಂತಿರಬೇಕು, ಆದರೆ ಒಬ್ಬೊಬ್ಬರ ಮತ ಯಾರಿಗೂ ಕಾಣಬಾರದು ಎಂಬ ಎರಡು ಬೇಡಿಕೆಗಳನ್ನು ಒಟ್ಟಿಗೆ ಈಡೇರಿಸಲು ನಾನು ಕೈಗೆತ್ತಿಕೊಂಡ ಕೆಲಸದ ದಾಖಲೆ ಇದು. ಮೂರು ತಿಂಗಳ ವಾರಾಂತ್ಯಗಳು ಇದಕ್ಕೆ ಹಿಡಿದವು. ಸಂಘದ ಅಧಿಕೃತ ತೀರ್ಮಾನ ಯಾವುದನ್ನೂ ಇದರಲ್ಲಿ ಮಾಡಿಲ್ಲ. ನಡೆದದ್ದೆಲ್ಲ ಅಭ್ಯಾಸದ ಮತದಾನ.

ಬ್ಲಾಕ್‌ಚೈನ್ ಮೊದಲನೆಯ ಬೇಡಿಕೆಗೆ ಹೇಳಿ ಮಾಡಿಸಿದಂತಿದೆ. ಒಮ್ಮೆ ಬರೆದದ್ದನ್ನು ಯಾರೂ ಅಳಿಸಲಾಗದು, ಎಲ್ಲರೂ ಓದಬಹುದು. ಎರಡನೆಯ ಬೇಡಿಕೆ ಮುರಿದುಬೀಳುವುದೂ ಇದೇ ಗುಣದಿಂದಲೇ, ಏಕೆಂದರೆ ಎಲ್ಲರೂ ಓದಬಲ್ಲ ಕಡತದಲ್ಲಿ ಗುಟ್ಟು ಉಳಿಯುವುದಿಲ್ಲ. ಮತಗಳನ್ನು ಗೂಢಲಿಪಿಯಲ್ಲಿ ಬರೆಯಬಹುದು. ಆದರೆ ಎಣಿಸಬೇಕಾದರೆ ಒಂದೊಂದನ್ನೂ ಬಿಡಿಸಲೇಬೇಕಲ್ಲ? ಬಿಡಿಸದೆಯೇ ಲೆಕ್ಕ ಮಾಡುವ ದಾರಿಯಿದೆಯೇ ಎಂಬ ಪ್ರಶ್ನೆಯನ್ನು ರಿವೆಸ್ಟ್, ಏಡಲ್‌ಮನ್ ಮತ್ತು ಡರ್ಟೂಜೋಸ್ 1978ರಲ್ಲೇ ಕೇಳಿದ್ದರು. ಕೂಡುವುದು, ಗುಣಿಸುವುದು ಎರಡನ್ನೂ ಎಷ್ಟು ಸಲ ಬೇಕಾದರೂ ಮಾಡಬಲ್ಲ ಪೂರ್ಣ ಹೋಮೋಮಾರ್ಫಿಕ್ (ಅಂದರೆ ಗೂಢಲಿಪಿಯನ್ನು ಬಿಡಿಸದೆಯೇ ಲೆಕ್ಕ ಮಾಡುವ) ವಿಧಾನವನ್ನು ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಕ್ರೇಗ್ ಜೆಂಟ್ರಿ ತೋರಿಸಿಕೊಟ್ಟದ್ದು 2009ರಲ್ಲಿ. ಮತ ಎಣಿಕೆಗೆ ಅಷ್ಟೆಲ್ಲ ಬೇಕಿಲ್ಲ, ಕೂಡಲು ಬಂದರೆ ಸಾಕು. ಆದ್ದರಿಂದ ನಾನು ಪಾಸ್ಕಲ್ ಪಾಯಿಯೇ 1999ರಲ್ಲಿ ಪ್ರಕಟಿಸಿದ ಪದ್ಧತಿಯಿಂದ ಆರಂಭಿಸಿದೆ.

ಅದರ ಸೊಗಸು ಸಣ್ಣ ಅಂಕಿಗಳಲ್ಲಿ ಕೈಯಾರೆ ಮಾಡಿ ನೋಡಿದರೆ ಮನಸ್ಸಿಗೆ ಹತ್ತುತ್ತದೆ. 5 ಮತ್ತು 7 ಎಂಬ ಎರಡು ಅವಿಭಾಜ್ಯಗಳನ್ನು ಗುಣಿಸಿದರೆ 35. ಅದರ ವರ್ಗ 1225. ಲೆಕ್ಕವೆಲ್ಲ 1225ರಿಂದ ಭಾಗಿಸಿ ಉಳಿಯುವ ಶೇಷದಲ್ಲಿ ನಡೆಯುತ್ತದೆ. 3 ಎಂಬ ಅಂಕಿಯನ್ನು ಮುಚ್ಚಿಡಲು 36ರ 3ನೇ ಘಾತವನ್ನು, ಮನಸ್ಸಿಗೆ ಬಂದ ಒಂದು ಸಂಖ್ಯೆಯ 35ನೇ ಘಾತದೊಂದಿಗೆ ಗುಣಿಸಬೇಕು. ಆ ಸಂಖ್ಯೆ 2 ಎಂದಿಟ್ಟುಕೊಂಡರೆ 106 ಗುಣಿಸು 18, ಶೇಷ 683. ಹಾಗೆಯೇ 4 ಎಂಬುದನ್ನು 3 ಎಂಬ ಸಂಖ್ಯೆಯೊಂದಿಗೆ ಮುಚ್ಚಿದರೆ 1062 ಬರುತ್ತದೆ. ಈಗ 683ನ್ನು 1062ರಿಂದ ಗುಣಿಸಿದರೆ ಶೇಷ 146. ಕೀಲಿ ಬಲ್ಲವರು 146ರ 12ನೇ ಘಾತ ತೆಗೆದರೆ 491. ಒಂದು ಕಳೆದು 35ರಿಂದ ಭಾಗಿಸಿದರೆ 14. ಅದನ್ನು 3ರಿಂದ ಗುಣಿಸಿದರೆ 42 (ಈ 12 ಮತ್ತು 3 ಎರಡೂ ಕೀಲಿಯಾದ 5 ಮತ್ತು 7ರಿಂದ ಸಿಗುವ ಸಂಖ್ಯೆಗಳು). 35 ಕಳೆದರೆ 7. ಮೂರನ್ನೂ ನಾಲ್ಕನ್ನೂ ನೋಡದವರು ಗುಣಿಸಿದ ಎರಡು ಗೂಢಪಠ್ಯಗಳ ಒಳಗೆ ಮೂರು ಮತ್ತು ನಾಲ್ಕರ ಮೊತ್ತ ತಾನಾಗಿ ಕುಳಿತಿತ್ತು. ಕಾಗದದ ಮೇಲೆ ಈ 7 ಬಂದಾಗ ಆದ ಸಂತೋಷವೇ ಮುಂದಿನ ವಾರಗಳ ಬೇಸರವನ್ನು ಹೊತ್ತು ಸಾಗಿಸಿತು.

ನಿಜವಾದ ಬಳಕೆಗೆ 35ರ ಜಾಗದಲ್ಲಿ 2048 ಬಿಟ್‌ಗಳ ಸಂಖ್ಯೆ ಬೇಕು. ಆಗ ಒಂದೊಂದು ಗೂಢಪಠ್ಯವೂ 4096 ಬಿಟ್, ಅಂದರೆ 512 ಬೈಟ್. ನಾನು ಬಳಸಿದ ಬ್ಲಾಕ್‌ಚೈನ್ ಎಥೀರಿಯಂ. ಅದರ ಯಂತ್ರಕ್ಕೆ ಒಂದು ಪದವೆಂದರೆ, ಅಂದರೆ ಒಮ್ಮೆಗೆ ಹಿಡಿಯುವ ಸಂಖ್ಯೆಯೆಂದರೆ, 256 ಬಿಟ್. ಹೀಗಾಗಿ ಒಂದು ಗೂಢಪಠ್ಯಕ್ಕೆ 16 ಖಾನೆಗಳು ಬೇಕು. ಖಾಲಿ ಖಾನೆಯೊಂದರಲ್ಲಿ ಮೊದಲ ಸಲ ಬರೆಯಲು 22,100 ಗ್ಯಾಸ್ (ಪ್ರತಿ ಕೆಲಸಕ್ಕೂ ಆ ಜಾಲ ವಿಧಿಸುವ ಶುಲ್ಕದ ಅಳತೆ) ತಗಲುವುದರಿಂದ 16 ಖಾನೆಗಳಿಗೆ 3,53,600 ಗ್ಯಾಸ್, ಆಮೇಲೆ ಪ್ರತಿ ಮತಕ್ಕೂ ಮೊತ್ತವನ್ನು ತಿದ್ದಿ ಬರೆಯಲು ಖಾನೆಗೆ 5,000ದಂತೆ 80,000 ಗ್ಯಾಸ್. ಇಷ್ಟು ದೊಡ್ಡ ಸಂಖ್ಯೆಗಳನ್ನು ಗುಣಿಸುವ ನೇರ ಆದೇಶ ಆ ಯಂತ್ರದಲ್ಲಿಲ್ಲ. 5ನೇ ವಿಳಾಸದಲ್ಲಿ ಘಾತ ತೆಗೆದು ಶೇಷ ಕೊಡುವ ಸಿದ್ಧ ಸೌಲಭ್ಯವೊಂದಿದೆ. ಗುಣಾಕಾರವನ್ನು ಅದರಿಂದಲೇ ಮಾಡಿಸಲು ಎಂಟನೇ ತರಗತಿಯ ಸೂತ್ರವೊಂದು ಒದಗಿತು. ಎರಡು ಸಂಖ್ಯೆಗಳ ಮೊತ್ತದ ವರ್ಗದಿಂದ ವ್ಯತ್ಯಾಸದ ವರ್ಗವನ್ನು ಕಳೆದರೆ ಉಳಿಯುವುದು ಗುಣಲಬ್ಧದ ನಾಲ್ಕು ಪಟ್ಟು. ವರ್ಗ ಮಾಡುವುದೆಂದರೆ 2ನೇ ಘಾತ ತಾನೇ? 2021ರ ಬರ್ಲಿನ್ ಪರಿಷ್ಕರಣೆಯ ದರದಲ್ಲಿ 512 ಬೈಟ್‌ನ ಒಂದು ವರ್ಗಕ್ಕೆ 1,365 ಗ್ಯಾಸ್ ಮಾತ್ರ. 2025ರ ಫುಸಾಕಾ ಪರಿಷ್ಕರಣೆಯಲ್ಲಿ ಈ ದರ ಏರಿದೆಯಾದರೂ ಖಾನೆಗೆ ಬರೆಯುವ ಖರ್ಚಿನ ಮುಂದೆ ಅದು ಇನ್ನೂ ಸಣ್ಣದೇ.

ಇಲ್ಲಿಯೇ ಮೊದಲ ದೋಷ ನನ್ನನ್ನು ಎರಡು ವಾರ ಕಾಡಿತು. ಒಂದು ಕೀಲಿಯಲ್ಲಿ ನೂರಾರು ಪರೀಕ್ಷೆಗಳೂ ಸರಿಬಂದವು. ಕೀಲಿ ಬದಲಿಸಿದರೆ ಕೆಲವು ಮೊತ್ತಗಳು ಸರಿ, ಕೆಲವು ಅರ್ಥವಿಲ್ಲದ ದೈತ್ಯ ಸಂಖ್ಯೆಗಳು. ಇನ್ನೊಂದು ಕೀಲಿ ಹಾಕಿದರೆ ಮತ್ತೆ ಎಲ್ಲವೂ ಸರಿ. ಕೀಲಿ ತಯಾರಿಸುವ ಕಡೆಯಲ್ಲೇ ತಪ್ಪಿರಬೇಕೆಂದು ಅಲ್ಲೇ ಹುಡುಕುತ್ತಾ ಕುಳಿತದ್ದು ನಾನು ಮಾಡಿದ ತಪ್ಪು. ಕೊನೆಗೆ ಕೆಟ್ಟ ಮೊತ್ತ ಬಂದ ಒಂದು ಜೋಡಿಯನ್ನು ಹಿಡಿದು, ಪ್ರತಿ ಹೆಜ್ಜೆಯ ಉತ್ತರವನ್ನೂ ಪೈಥಾನ್‌ನಲ್ಲಿ ಮಾಡಿದ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದೆ. ಎರಡು 4096 ಬಿಟ್ ಸಂಖ್ಯೆಗಳನ್ನು ಕೂಡಿದಾಗ ಉತ್ತರಕ್ಕೆ 4097ನೇ ಬಿಟ್ ಬೇಕಾಗಬಹುದು. ಹದಿನಾರನೇ ಪದವನ್ನು ಕೂಡಿದ ಮೇಲೆ "ಕೈಲಿ ಒಂದು" ಉಳಿದಿತ್ತು, ಅದನ್ನು ಇಡಲು ನಾನು ಜಾಗವನ್ನೇ ಕೊಟ್ಟಿರಲಿಲ್ಲ. ಕೀಲಿಯ ಸಂಖ್ಯೆ ತುಸು ಚಿಕ್ಕದಾಗಿ ಅದರ ವರ್ಗ 4095 ಬಿಟ್‌ಗಳಲ್ಲೇ ಮುಗಿದರೆ ಕೈಲಿ ಒಂದು ಉಳಿಯುವ ಪ್ರಸಂಗವೇ ಬರುವುದಿಲ್ಲ. ಅದಕ್ಕೇ ಕೆಲವು ಕೀಲಿಗಳಲ್ಲಿ ದೋಷ ಅಡಗಿಯೇ ಇತ್ತು. ಹದಿನೇಳನೇ ಪದವೊಂದನ್ನು ಸೇರಿಸಿ 544 ಬೈಟ್ ಮಾಡಿದಾಗ ಎಲ್ಲ ಕೀಲಿಗಳಲ್ಲೂ ಮೊತ್ತ ಸರಿಬಂತು. ವರ್ಗ ಮಾಡುವ ಖರ್ಚು 1,541 ಗ್ಯಾಸ್‌ಗೆ ಏರಿತು. ಅಂದಿನಿಂದ ಪ್ರತಿ ಪರೀಕ್ಷೆಯನ್ನೂ ಹೊಸ ಹೊಸ ಕೀಲಿಗಳಲ್ಲಿ ಓಡಿಸುವುದನ್ನು ನಿಯಮ ಮಾಡಿಕೊಂಡಿದ್ದೇನೆ.

ಇಷ್ಟು ಕಷ್ಟಪಟ್ಟು ನಿಲ್ಲಿಸಿದ ಆ ಕಟ್ಟಡವನ್ನು ನಾನೇ ಕೆಡವಬೇಕಾಯಿತು. ಕಾರಣ ಗ್ಯಾಸ್‌ಗಿಂತ ಹೆಚ್ಚಾಗಿ ಕೀಲಿ. ಪಾಯಿಯೇ ಪದ್ಧತಿಯ ಗುಟ್ಟೆಲ್ಲ ಆ ಎರಡು ಅವಿಭಾಜ್ಯ ಸಂಖ್ಯೆಗಳಲ್ಲಿದೆ. ಅವನ್ನು ಯಾರಾದರೂ ಒಬ್ಬರು ಆರಿಸಬೇಕು, ಆರಿಸಿದವರಿಗೆ ಎಲ್ಲ ಮತಗಳೂ ತೆರೆದ ಪುಸ್ತಕ. ಒಬ್ಬರಿಗೂ ಪೂರ್ತಿ ತಿಳಿಯದಂತೆ ಹಲವರು ಸೇರಿ ಅಂಥ ಸಂಖ್ಯೆಯನ್ನು ಹುಟ್ಟಿಸುವ ವಿಧಾನಗಳಿದ್ದರೂ ಅವು ಬಹಳ ಜಟಿಲ. ವಾರಾಂತ್ಯದ ಕೆಲಸದಲ್ಲಿ ಅದನ್ನು ನಂಬಿಕೆಗೆ ತಕ್ಕಂತೆ ಬರೆಯುವ ಧೈರ್ಯ ನನಗಿರಲಿಲ್ಲ. ಕೂಡುವ ಗಣಿತವನ್ನು ಅಷ್ಟು ಎಚ್ಚರಿಕೆಯಿಂದ ಕಟ್ಟಿ ಕೀಲಿಯನ್ನು ಕಾರ್ಯದರ್ಶಿಯವರ ಲ್ಯಾಪ್‌ಟಾಪಿನಲ್ಲಿ ಇಟ್ಟರೆ, ವಾಟ್ಸ್‌ಆ್ಯಪ್ ಎಣಿಕೆಗಿಂತ ನಾವು ಒಂದು ಹೆಜ್ಜೆಯೂ ಮುಂದೆ ಹೋದಂತಾಗುವುದಿಲ್ಲ. ಈ ಇಡೀ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಇದೇ. ಹೋಮೋಮಾರ್ಫಿಕ್ ಗೂಢಲಿಪಿ ನಂಬಿಕೆಯ ಅಗತ್ಯವನ್ನು ಇಲ್ಲವಾಗಿಸುವುದಿಲ್ಲ. ಅದನ್ನು ಎಣಿಸುವವರ ಕೈಯಿಂದ ತೆಗೆದು ಕೀಲಿ ಇಟ್ಟುಕೊಳ್ಳುವವರ ಕೈಗೆ ಕೊಡುತ್ತದೆ.

ಎರಡನೆಯ ಕಟ್ಟಡಕ್ಕೆ ದೀರ್ಘವೃತ್ತೀಯ ವಕ್ರರೇಖೆಯ ಮೇಲಿನ ಎಲ್‌ಗಮಾಲ್ ಪದ್ಧತಿಯನ್ನು ಆರಿಸಿದೆ. ಬೆನ್ ಅಡೀಡಾ 2008ರಲ್ಲಿ ಹೊರತಂದ ಹೀಲಿಯೋಸ್ ಮತದಾನ ವ್ಯವಸ್ಥೆಯದೂ ಇದೇ ಎಲ್‌ಗಮಾಲ್ ಕುಟುಂಬ. ಆಧಾರಬಿಂದುವನ್ನು ಗ ಎಂದೂ, ಸಾರ್ವಜನಿಕ ಕೀಲಿಯ ಬಿಂದುವನ್ನು ಹ ಎಂದೂ, ಮತದಾರರು ಗುಟ್ಟಾಗಿ ಆರಿಸುವ ಸಂಖ್ಯೆಯನ್ನು ರ ಎಂದೂ, ಮತವನ್ನು ಮ ಎಂದೂ ಕರೆದರೆ ಗೂಢಪಠ್ಯವೆಂದರೆ ಎರಡು ಬಿಂದುಗಳು: ಮೊದಲನೆಯದು ರ·ಗ, ಎರಡನೆಯದು ಮ·ಗ + ರ·ಹ. ಮ ಎಂಬುದು ಒಪ್ಪಿಗೆಗೆ 1, ನಿರಾಕರಣೆಗೆ 0. ಮೊದಲ ಬಿಂದುಗಳನ್ನೆಲ್ಲ ಒಂದು ಕಡೆ, ಎರಡನೆಯ ಬಿಂದುಗಳನ್ನೆಲ್ಲ ಇನ್ನೊಂದು ಕಡೆ ಕೂಡುತ್ತಾ ಹೋದರೆ ಒಳಗಿನ ಮತಗಳೂ ಕೂಡುತ್ತಾ ಹೋಗುತ್ತವೆ. ಎಥೀರಿಯಂನಲ್ಲಿ ಬಿಎನ್254 ಎಂಬ ವಕ್ರರೇಖೆಯ ಬಿಂದುಗಳನ್ನು ಕೂಡುವ ಸಿದ್ಧ ಸೌಲಭ್ಯ 6ನೇ ವಿಳಾಸದಲ್ಲೂ, ಗುಣಿಸುವ ಸೌಲಭ್ಯ 7ನೇ ವಿಳಾಸದಲ್ಲೂ ಇದೆ. 2019ರ ಇಸ್ತಾಂಬುಲ್ ಪರಿಷ್ಕರಣೆಯ ನಂತರ ಕೂಡಲು 150 ಗ್ಯಾಸ್, ಗುಣಿಸಲು 6,000. ಗೂಢಪಠ್ಯ 128 ಬೈಟ್, ಅಂದರೆ ನಾಲ್ಕೇ ಖಾನೆ. ಎಲ್ಲ ಮತಗಳನ್ನು ಖಾನೆಗಳಲ್ಲಿ ಇಡುವ ಅಗತ್ಯವೂ ಇಲ್ಲ. ಒಂದೊಂದು ಮತವನ್ನೂ ಲಾಗ್ ಎಂಬ ದಾಖಲೆಪಟ್ಟಿಯಲ್ಲಿ ಬರೆದು, ಸಾಗುತ್ತಿರುವ ಮೊತ್ತವನ್ನು ಮಾತ್ರ ಖಾನೆಯಲ್ಲಿಟ್ಟೆ.

ಇದರಲ್ಲೊಂದು ತೊಡಕಿದೆ. ಕೀಲಿ ಹಾಕಿ ಬಿಡಿಸಿದಾಗ ಕೈಗೆ ಬರುವುದು ಮೊತ್ತವಲ್ಲ, ಮೊತ್ತದಷ್ಟು ಪಟ್ಟಿನ ಗ. ಆ ಬಿಂದುವಿನಿಂದ ಸಂಖ್ಯೆಯನ್ನು ಹಿಂದಕ್ಕೆ ಪಡೆಯುವುದು ದೊಡ್ಡ ಸಂಖ್ಯೆಗಳಲ್ಲಿ ಅಸಾಧ್ಯ. ಪದ್ಧತಿಯ ಭದ್ರತೆ ನಿಂತಿರುವುದೇ ಆ ಅಸಾಧ್ಯತೆಯ ಮೇಲೆ. ನಮ್ಮಲ್ಲಿ ಮೊತ್ತ 64ನ್ನು ದಾಟುವುದಿಲ್ಲವಾದ್ದರಿಂದ 0ಯಿಂದ 64ರವರೆಗೆ 65 ಬಿಂದುಗಳ ಮಗ್ಗಿಯೊಂದನ್ನು ಮೊದಲೇ ಬರೆದಿಟ್ಟುಕೊಂಡು ಅದರಲ್ಲಿ ಹುಡುಕಿದರಾಯಿತು.

ಮತ ಮುಚ್ಚಿರುವುದರಿಂದಲೇ ಮುಂದಿನ ಸಮಸ್ಯೆ ಹುಟ್ಟುತ್ತದೆ. ಒಳಗೆ 1 ಅಥವಾ 0 ಇದೆಯೋ, ಅಥವಾ ಯಾರಾದರೂ 5 ಎಂದು ಬರೆದು ಒಬ್ಬರೇ ಐದು ಮತ ಹಾಕಿದ್ದಾರೋ ಎಂಬುದು ಕಾಂಟ್ರ್ಯಾಕ್ಟ್‌ಗೆ (ಬ್ಲಾಕ್‌ಚೈನ್ ಮೇಲೆ ಓಡುವ ನನ್ನ ಪ್ರೋಗ್ರಾಂಗೆ) ಕಾಣುವುದಿಲ್ಲ. ಆದ್ದರಿಂದ ಪ್ರತಿ ಮತದ ಜೊತೆಗೂ "ಇದರೊಳಗಿರುವುದು ಸೊನ್ನೆ ಇಲ್ಲವೇ ಒಂದು" ಎಂಬುದನ್ನು, ಯಾವುದೆಂದು ಹೇಳದೆಯೇ ಸಾಬೀತುಪಡಿಸುವ ಶೂನ್ಯಜ್ಞಾನ ಪುರಾವೆ ಬೇಕು. ಕ್ರೇಮರ್, ಡಾಮ್‌ಗಾರ್ಡ್ ಮತ್ತು ಶುನ್‌ಮಾಕರ್ಸ್ 1994ರಲ್ಲಿ ಕೊಟ್ಟ ರಚನೆ ಇದಕ್ಕೆ ಸರಿಹೊಂದುತ್ತದೆ. ಮತದಾರರ ಸಾಧನ ನಾಲ್ಕು ಬದ್ಧತೆಯ ಬಿಂದುಗಳನ್ನು, ಅಂದರೆ ಆಮೇಲೆ ಬದಲಿಸಲಾಗದಂತೆ ಮೊದಲೇ ಮುಂದಿಡುವ ಬಿಂದುಗಳನ್ನು, ಮಾಡುತ್ತದೆ, ಅವುಗಳ ಹ್ಯಾಶ್‌ನಿಂದ (ಅವುಗಳಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಸಂಖ್ಯೆಯಿಂದ) ಒಂದು ಸವಾಲು ಬರುತ್ತದೆ, ಸವಾಲನ್ನು ಎರಡು ಪಾಲು ಮಾಡಿ ಒಂದು ಪಾಲಿಗೆ ನಿಜವಾದ ಉತ್ತರವನ್ನೂ ಇನ್ನೊಂದಕ್ಕೆ ಮೊದಲೇ ಹೊಂದಿಸಿಟ್ಟ ಉತ್ತರವನ್ನೂ ಕೊಡುತ್ತದೆ. ಯಾವ ಪಾಲು ನಿಜವೆಂದು ನೋಡುವವರಿಗೆ ಗೊತ್ತಾಗದು. ಪರಿಶೀಲನೆಗೆ ಎಂಟು ಗುಣಾಕಾರ, ಅಂದರೆ 48,000 ಗ್ಯಾಸ್. ವ್ಯವಹಾರದ ಮೂಲ ಶುಲ್ಕ 21,000, ಮೊತ್ತ ತಿದ್ದಲು 20,000, "ಈ ಮನೆಯವರು ಮತ ಹಾಕಿದ್ದಾರೆ" ಎಂಬ ಗುರುತಿಗೆ 22,100, ಮತದ ಮತ್ತು ಪುರಾವೆಯ ಬೈಟ್‌ಗಳಿಗೆ ನಾಲ್ಕು ಸಾವಿರದಷ್ಟು. ಎಲ್ಲ ಸೇರಿ ಒಂದು ಮತಕ್ಕೆ ಸುಮಾರು 1.2 ಲಕ್ಷ ಗ್ಯಾಸ್. ಕೂಡುವ ಕೆಲಸಕ್ಕೆ ತಗಲಿದ್ದು ಅದರಲ್ಲಿ 300 ಮಾತ್ರ. ಖರ್ಚೆಲ್ಲ ಪುರಾವೆಯದು ಮತ್ತು ಬರವಣಿಗೆಯದು.

ಕೆಲಸ ಮುಗಿಯಿತೆಂದು ತಿಳಿದು, ಒಡೆಯಲು ಪ್ರಯತ್ನಿಸು ಎಂದು ಸಹೋದ್ಯೋಗಿ ಗೆಳೆಯನ ಕೈಗೆ ಕೊಟ್ಟೆ. ಮರುದಿನ ಸಂಜೆ ಅಭ್ಯಾಸದ ಮತದಾನ ಮುಗಿಸಿ ಮೊತ್ತ ಬಿಡಿಸಿದರೆ ಬಂದ ಬಿಂದು ಮಗ್ಗಿಯಲ್ಲಿರಲಿಲ್ಲ. ಆತ ಹಾಕಿದ ಒಂದು ಮತವೇ ಅದಕ್ಕೆ ಕಾರಣ, ಅದರ ಪುರಾವೆಯನ್ನು ಕಾಂಟ್ರ್ಯಾಕ್ಟ್ ಒಪ್ಪಿಕೊಂಡಿತ್ತು. ತಪ್ಪು ನನ್ನ ಹ್ಯಾಶ್‌ನಲ್ಲಿತ್ತು. ನಾನು ಹ್ಯಾಶ್‌ಗೆ ಬದ್ಧತೆಯ ನಾಲ್ಕು ಬಿಂದುಗಳನ್ನು ಮಾತ್ರ ಸೇರಿಸಿದ್ದೆ, ಯಾವ ಗೂಢಪಠ್ಯದ ಬಗ್ಗೆ ಪುರಾವೆಯೋ ಆ ಗೂಢಪಠ್ಯವನ್ನೇ ಸೇರಿಸಿರಲಿಲ್ಲ. ಆದ್ದರಿಂದ ಆತ ಮೊದಲು ಬದ್ಧತೆಗಳನ್ನು ಆರಿಸಿ, ಸವಾಲು ಏನೆಂದು ನೋಡಿಕೊಂಡು, ಆಮೇಲೆ ಆ ಸವಾಲಿಗೆ ಹೊಂದುವ ಮತವನ್ನು ಹುಡುಕಿದ್ದ. ಕಾಗದದ ಮೇಲೆ ಬರೆದು ತೋರಿಸಿದ. ಮ ಎಂಬುದಕ್ಕೆ ಅದೊಂದು ವರ್ಗಸಮೀಕರಣವಾಗಿತ್ತು, ಅದರ ಮೂಲ 254 ಬಿಟ್‌ಗಳ ಒಂದು ಅಡ್ಡಾದಿಡ್ಡಿ ಸಂಖ್ಯೆ. ತನಗೆ ಬೇಕಾದ 5 ಅಥವಾ 10 ಬರುವಂತೆ ಮಾಡಲು ಆತನಿಗೆ ಆಗುತ್ತಿರಲಿಲ್ಲ. ಆದರೆ ಒಂದೇ ಮತದಿಂದ ಇಡೀ ಎಣಿಕೆಯನ್ನು ಹಾಳುಮಾಡಲು ಅಷ್ಟು ಸಾಕಾಯಿತು. ರಹಸ್ಯ ಕೀಲಿ ಬಲ್ಲವರೇ ಹೀಗೆ ಮಾಡಹೊರಟರೆ ಬೇಕಾದ ಅಂಕಿಯನ್ನೇ ತುರುಕಬಹುದಿತ್ತು. ಇದೇ ದೌರ್ಬಲ್ಯವನ್ನು ಬರ್ನ್‌ಹಾರ್ಡ್, ಪೆರೇರಾ ಮತ್ತು ವಾರಿನ್‌ಸ್ಕಿ 2012ರಲ್ಲಿ ಹೀಲಿಯೋಸ್‌ನಲ್ಲಿ ಎತ್ತಿ ತೋರಿಸಿದ್ದರೆಂದು ಆಮೇಲೆ ಓದಿ ತಿಳಿದೆ. ಮೊದಲೇ ಓದಿಕೊಂಡಿರಬೇಕಿತ್ತು.

ತಿದ್ದುಪಡಿ ಒಂದೇ ಸಾಲಿನದು. ಈಗ ಹ್ಯಾಶ್‌ನೊಳಗೆ ಸಾರ್ವಜನಿಕ ಕೀಲಿ, ಗೂಢಪಠ್ಯದ ಎರಡು ಬಿಂದುಗಳು, ಮತದಾನದ ಕ್ರಮಸಂಖ್ಯೆ, ಮತದಾರರ ಬ್ಲಾಕ್‌ಚೈನ್ ವಿಳಾಸ ಮತ್ತು ಬದ್ಧತೆಗಳು ಎಲ್ಲವೂ ಸೇರುತ್ತವೆ. ವಿಳಾಸ ಸೇರಿಸಿದ್ದರಿಂದ ಇನ್ನೊಂದು ತೂತೂ ಮುಚ್ಚಿತು. ಮೊದಲಿನಂತಿದ್ದರೆ ಯಾರಾದರೂ ಎದುರು ಮನೆಯವರ ಗೂಢಪಠ್ಯವನ್ನೂ ಪುರಾವೆಯನ್ನೂ ಹಾಗೆಯೇ ನಕಲು ಮಾಡಿ ತಮ್ಮ ಮತವೆಂದು ಹಾಕಬಹುದಿತ್ತು. ಹತ್ತಾರು ಜನ ಸೇರಿ ಒಬ್ಬರ ಮತವನ್ನೇ ನಕಲು ಮಾಡಿದರೆ ಆ ಒಬ್ಬರು ಏನು ಹಾಕಿದ್ದರೆಂದು ಅಂತಿಮ ಮೊತ್ತವೇ ಸಾರಿಬಿಡುತ್ತದೆ. ನನಗೆ ಬಹಳ ಕಳವಳ ತಂದ ತೂತು ಇದು, ಏಕೆಂದರೆ ಇದರಲ್ಲಿ ಯಾವ ಗಣಿತವನ್ನೂ ಒಡೆಯಬೇಕಾಗಿಯೇ ಇಲ್ಲ.

ಕೀಲಿಯ ವಿಚಾರಕ್ಕೆ ಬರುತ್ತೇನೆ. ಎಲ್‌ಗಮಾಲ್‌ನಲ್ಲಿ ಕೀಲಿಯನ್ನು ಹಂಚುವುದು ಸುಲಭ. ಮೂವರು ಕೀಲಿದಾರರು ತಮ್ಮ ತಮ್ಮ ರಹಸ್ಯ ಸಂಖ್ಯೆಯನ್ನು ಆರಿಸಿ ಅದರಷ್ಟು ಪಟ್ಟಿನ ಗ ಬಿಂದುವನ್ನು ಪ್ರಕಟಿಸಿದರೆ, ಆ ಮೂರರ ಮೊತ್ತವೇ ಹ. ರಹಸ್ಯದ ಮೊತ್ತ ಯಾರ ಬಳಿಯೂ ಇರುವುದಿಲ್ಲ. ಕೊನೆಯಲ್ಲಿ ಪ್ರಕಟಿಸುವವರು ಉಳಿದಿಬ್ಬರ ಬಿಂದುಗಳನ್ನು ಕಳೆದು ಇಡೀ ಕೀಲಿಯನ್ನು ತಮ್ಮದಾಗಿಸಿಕೊಳ್ಳುವ ಮೋಸವೊಂದು ಸಾಧ್ಯವಾದ್ದರಿಂದ, ತಮ್ಮ ಬಿಂದುವಿನ ಹಿಂದಿನ ರಹಸ್ಯ ತಮಗೆ ಗೊತ್ತಿದೆ ಎಂಬ ಪುರಾವೆಯನ್ನೂ ಅವರಿಂದ ಕೇಳಬೇಕು. ನಿವೃತ್ತ ಶಿಕ್ಷಕಿಯವರು, ಸಂಘದ ಕಾರ್ಯದರ್ಶಿ ಮತ್ತು ಸಿಂಗಪುರದಲ್ಲಿರುವ ಮಾಲೀಕರೊಬ್ಬರು ಕೀಲಿದಾರರಾಗಲು ಒಪ್ಪಿದರು. ಕಟ್ಟಿದವನೇ ಕೀಲಿ ಇಟ್ಟುಕೊಳ್ಳಬಾರದೆಂದು ನಾನು ಹೊರಗುಳಿದೆ.

ಎರಡನೆಯ ಅಭ್ಯಾಸದ ಮತದಾನದ ವಾರದಲ್ಲಿ ಮೂವರಲ್ಲಿ ಒಬ್ಬರ ಫೋನ್ ಕೆಟ್ಟು, ಅಂಗಡಿಯವರು ಅದನ್ನು ಪೂರ್ತಿ ಅಳಿಸಿ ಸರಿಮಾಡಿ ಕೊಟ್ಟರು. ರಹಸ್ಯ ಸಂಖ್ಯೆ ಹೋಯಿತು. 47 ಮತಗಳು ಪುರಾವೆ ಸಹಿತ ಸರಪಳಿಯ ಮೇಲೆ ಎಲ್ಲರ ಕಣ್ಣೆದುರಿಗೇ ಇದ್ದವು, ಅವುಗಳ ಮೊತ್ತವೂ ಇತ್ತು, ತೆರೆಯುವ ದಾರಿ ಮಾತ್ರ ಇರಲಿಲ್ಲ. ಗೂಢಲಿಪಿ ಸಂಶೋಧಕರದೇ ಅಂತರರಾಷ್ಟ್ರೀಯ ಸಂಘವಾದ ಐಎಸಿಆರ್ 2025ರಲ್ಲಿ ಹೀಲಿಯೋಸ್ ಮೂಲಕ ನಡೆಸಿದ ತನ್ನ ಚುನಾವಣೆಯನ್ನು ಇದೇ ಕಾರಣಕ್ಕೆ ರದ್ದುಮಾಡಿ ಮತ್ತೆ ನಡೆಸಬೇಕಾಯಿತು. ಅಲ್ಲಿಯೂ ಮೂರು ಪಾಲುಗಳೂ ಕೂಡಲೇಬೇಕಿತ್ತು, ಒಂದು ಪಾಲು ಕಳೆದುಹೋಗಿತ್ತು. ಅಷ್ಟು ಬಲ್ಲವರಿಗೇ ಹಾಗಾದ ಮೇಲೆ ಫೋನ್ ಕೆಟ್ಟವರ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ. ಮೂರೂ ಬೇಕೆಂದು ಕಟ್ಟಿದ್ದು ನನ್ನ ತಪ್ಪು.

ಮೂವರಲ್ಲಿ ಯಾವ ಇಬ್ಬರಾದರೂ ತೆರೆಯಬಲ್ಲಂತೆ ಶಮೀರ್ ವಿಧಾನದಲ್ಲಿ ಪಾಲು ಮಾಡಿ ಮತ್ತೆ ಬರೆದೆ. ಒಂದು ಸರಳರೇಖೆಯನ್ನು ಗುರುತಿಸಲು ಎರಡು ಬಿಂದುಗಳು ಸಾಕು ಎಂಬುದೇ ಅದರ ತಿರುಳು. ಇಬ್ಬರ ಪಾಲುಗಳನ್ನು ಕೂಡಿಸುವಾಗ ಒಂದೊಂದಕ್ಕೂ ಒಂದು ತೂಕ ಕೊಡಬೇಕಾಗುತ್ತದೆ: ಒಂದನೆಯವರು ಮತ್ತು ಎರಡನೆಯವರು ಬಂದರೆ 2 ಮತ್ತು ಋಣ 1, ಎರಡನೆಯವರು ಮತ್ತು ಮೂರನೆಯವರು ಬಂದರೆ 3 ಮತ್ತು ಋಣ 2, ಒಂದನೆಯವರು ಮತ್ತು ಮೂರನೆಯವರು ಬಂದರೆ ಒಂದೂವರೆ ಮತ್ತು ಋಣ ಅರ್ಧ. ಮೊದಲ ಎರಡು ಜೋಡಿಗಳಿಗೆ ಉತ್ತರ ಸರಿಯಾಗಿ ಬಂದು ಮೂರನೆಯದಕ್ಕೆ ಮಾತ್ರ ತಪ್ಪಿದಾಗ ಕಾರಣ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದೂವರೆಯನ್ನು ನನ್ನ ಪ್ರೋಗ್ರಾಂ ಪೂರ್ಣಾಂಕ ಭಾಗಾಕಾರದಲ್ಲಿ 1 ಎಂದು ಮಾಡಿಬಿಟ್ಟಿತ್ತು. ಇಲ್ಲಿ ಎರಡರಿಂದ ಭಾಗಿಸುವುದೆಂದರೆ, ವಕ್ರರೇಖೆಯ ಗಾತ್ರದ ಶೇಷಲೆಕ್ಕದಲ್ಲಿ ಎರಡರ ವಿಲೋಮದಿಂದ ಗುಣಿಸುವುದು. ಪ್ರತಿಯೊಬ್ಬ ಕೀಲಿದಾರರೂ ತಮ್ಮ ಪಾಲಿನಿಂದ ಬಿಡಿಸಿದ ಬಿಂದುವಿನ ಜೊತೆಗೆ, ತಮ್ಮದೇ ಪಾಲನ್ನು ಬಳಸಿದ್ದಾಗಿ ಷೌಮ್ ಮತ್ತು ಪೆಡರ್ಸನ್ ಅವರ ಪುರಾವೆಯನ್ನೂ ಕೊಡುತ್ತಾರೆ. ಹಾಗಾಗಿ ಮೊತ್ತವನ್ನು ತಿರುಚಿ ಹೇಳಲು ಇಬ್ಬರು ಸೇರಿದರೂ ಆಗದು. ಆದರೆ ಅದೇ ಇಬ್ಬರು ಸೇರಿದರೆ ಯಾರದೇ ಒಂಟಿ ಮತವನ್ನೂ ತೆರೆಯಬಲ್ಲರು. ಇದನ್ನು ಕಾಂಟ್ರ್ಯಾಕ್ಟ್ ತಡೆಯಲಾರದು, ಏಕೆಂದರೆ ಬಿಡಿಸುವ ಕೆಲಸ ಸರಪಳಿಯ ಹೊರಗೆ ನಡೆಯುತ್ತದೆ. ಸಭೆಯ ಮುಂದೆ ನಾನಿದನ್ನು ಮುಚ್ಚುಮರೆಯಿಲ್ಲದೆ ಹೇಳಿದೆ.

ಮತದಾನ ನಡೆಯುತ್ತಿರುವಾಗಲೇ "ಇಲ್ಲಿಯವರೆಗೆ ಎಷ್ಟು" ಎಂದು ದಿನವೂ ತೋರಿಸಿ ಎಂಬ ಕೋರಿಕೆ ಬಂತು. ಒಂದು ದಿನ ಒಂದೇ ಮನೆ ಮತ ಹಾಕಿದ್ದರೆ, ನಿನ್ನೆ 17 ಇದ್ದ ಮೊತ್ತ ಇಂದೂ 17 ಎಂದು ತೋರಿಸಿದ ಕ್ಷಣದಲ್ಲೇ ಆ ಮನೆಯವರ ಗುಟ್ಟು ಬಯಲಾಗುತ್ತದೆ, ಏಕೆಂದರೆ ಯಾರು ಯಾವಾಗ ಮತ ಹಾಕಿದರೆಂಬುದು ಸರಪಳಿಯಲ್ಲಿ ಮುಚ್ಚಿಲ್ಲ. ಕೋರಿಕೆಯನ್ನು ಒಪ್ಪಲಿಲ್ಲ.

ಇದೇ ಯೋಚನೆ ಮುಂದುವರಿದು ಇನ್ನೊಂದು ಪ್ರಯೋಗಕ್ಕೆ ಕಾರಣವಾಯಿತು. ಒಂದು ಮಹಡಿಯ ಎಂಟು ಮನೆಗಳವರು ತಮ್ಮ ಮೊಗಸಾಲೆಯ ಬಗ್ಗೆ ಮತ ಹಾಕಿ ಮೊತ್ತ 8 ಬಂದರೆ, ಅಥವಾ 0 ಬಂದರೆ, ಗೂಢಲಿಪಿ ಎಷ್ಟೇ ಗಟ್ಟಿಯಾಗಿದ್ದರೂ ಎಂಟೂ ಮತಗಳು ತಿಳಿದುಹೋದವು. ಅಲ್ಲಿ ಮೊತ್ತವನ್ನೂ ಮುಚ್ಚಿ, ನಿರ್ಣಯ ಅಂಗೀಕಾರವಾಯಿತೋ ಇಲ್ಲವೋ ಎಂಬುದನ್ನಷ್ಟೇ ತೆರೆಯಬೇಕು. ಹೋಲಿಸುವ ಕೆಲಸ ಕೂಡುವುದರಿಂದ ಮಾತ್ರ ಆಗುವುದಿಲ್ಲ. ಇಲ್ಲಿ ಪೂರ್ಣ ಹೋಮೋಮಾರ್ಫಿಕ್ ಪದ್ಧತಿ ಬೇಕು. ಪಾಯಿಯೇ ಅವರೇ ಸಹಸಂಸ್ಥಾಪಕರಾಗಿರುವ ಪ್ಯಾರಿಸ್‌ನ ಜಾಮಾ ಸಂಸ್ಥೆಯ ತಂತ್ರಾಂಶದಲ್ಲಿ ಇದನ್ನು ಬರೆದು ನೋಡಿದೆ. ಇದರ ತಳದಲ್ಲಿರುವುದು 2016ರಲ್ಲಿ ಬಂದ ಟಿಎಫ್‌ಎಚ್‌ಇ ಪದ್ಧತಿ. ಗೂಢಪಠ್ಯಗಳು ದೊಡ್ಡವಾದ್ದರಿಂದ ಸರಪಳಿಯ ಮೇಲೆ ಅವುಗಳ 32 ಬೈಟ್‌ನ ಗುರುತುಚೀಟಿ ಮಾತ್ರ ಇರುತ್ತದೆ, ಭಾರವಾದ ಲೆಕ್ಕವನ್ನು ಹೊರಗಿನ ಸಹಸಂಸ್ಕಾರಕಗಳು ಮಾಡುತ್ತವೆ. ಮುಚ್ಚಿದ ಷರತ್ತಿನ ಮೇಲೆ "ಹೀಗಿದ್ದರೆ ಹಾಗೆ ಮಾಡು" ಎಂದು ಕವಲೊಡೆಯಲು ಇಲ್ಲಿ ಬರುವುದಿಲ್ಲ. ಎರಡೂ ಉತ್ತರಗಳನ್ನು ಲೆಕ್ಕ ಹಾಕಿ, ಒಂದನ್ನು ಗೂಢಲಿಪಿಯೊಳಗೇ ಆರಿಸಿಕೊಳ್ಳಬೇಕು. ಮೊತ್ತವನ್ನು ಮುಂದಿನ ವ್ಯವಹಾರದಲ್ಲಿ ಬಳಸಲು ಕಾಂಟ್ರ್ಯಾಕ್ಟ್ ತನಗೆ ತಾನೇ ಅನುಮತಿ ಬರೆದುಕೊಳ್ಳಬೇಕೆಂಬುದು ತಿಳಿಯದೆ ಒಂದು ಭಾನುವಾರ ಹೋಯಿತು. ಮೊದಲ ಮತ ಸರಿಯಾಗಿ ಬಿದ್ದು ಎರಡನೆಯದು ಪ್ರತಿ ಸಲವೂ ತಿರಸ್ಕೃತವಾಗುತ್ತಿತ್ತು. ಅನುಮತಿಯ ಸಾಲು ಸೇರಿಸಿದ ಮೇಲೆ ಎಂಟು ಮತಗಳೂ ಬಿದ್ದವು, ಕೊನೆಗೆ ತೆರೆದದ್ದು "ಹೌದು" ಎಂಬ ಒಂದೇ ಬಿಟ್. ಬಹಳ ಹಿಡಿಸಿತು. ಆದರೆ ತೆರೆಯುವ ಕೀಲಿಯ ಪಾಲುಗಳು ಆ ಜಾಲವನ್ನು ನಡೆಸುವವರ ಬಳಿ ಇರುತ್ತವೆ, ನಮ್ಮ ಮೂವರ ಬಳಿ ಅಲ್ಲ. ಈ ಕಾರಣಕ್ಕೆ 64 ಮನೆಗಳ ಮತದಾನಕ್ಕೆ ಎಲ್‌ಗಮಾಲ್ ಕಟ್ಟಡವನ್ನೇ ಉಳಿಸಿಕೊಂಡೆ.

ಆ ಕಟ್ಟಡದ ಮಿತಿಗಳೂ ದಾಖಲಾಗಲಿ. ಮತದಾರರು ತಮ್ಮ ರ ಎಂಬ ಸಂಖ್ಯೆಯನ್ನು ಇನ್ನೊಬ್ಬರಿಗೆ ತೋರಿಸಿ ತಾವು ಹೇಗೆ ಮತ ಹಾಕಿದೆವೆಂದು ಸಾಬೀತುಪಡಿಸಬಹುದು. ಹೀಗಾಗಿ ಬೆದರಿಸಿ ಅಥವಾ ಹಣ ಕೊಟ್ಟು ಮತ ಹಾಕಿಸುವುದನ್ನು ಇದು ತಡೆಯದು. ಸರ್ಕಾರಿ ಚುನಾವಣೆಯಂಥದ್ದಕ್ಕೆ ಇದನ್ನು ಯಾರೂ ಬಳಸಬಾರದು. ಬಿಎನ್254ರ ಭದ್ರತೆ 2016ರ ನಂತರದ ಲೆಕ್ಕದಲ್ಲಿ ಸುಮಾರು 100 ಬಿಟ್‌ಗೆ ಇಳಿದಿದೆ, ದೊಡ್ಡ ಕ್ವಾಂಟಂ ಕಂಪ್ಯೂಟರ್ ಬಂದರೆ ಅದೂ ಉಳಿಯದು. ಸರಪಳಿಯಿಂದ ಹಳೆಯ ಮತಗಳನ್ನು ಅಳಿಸಲಾಗದ ಕಾರಣ, ಇಂದು ಹಾಕಿದ ಮತದ ಗುಟ್ಟನ್ನು ಇಪ್ಪತ್ತು ವರ್ಷಗಳ ನಂತರದ ಯಂತ್ರದಿಂದಲೂ ಕಾಯಬೇಕಾಗುತ್ತದೆ. ಕೊಳವೆಬಾವಿಯ ಪ್ರಶ್ನೆಗೆ ಅಷ್ಟು ಆಯಸ್ಸಿಲ್ಲವೆಂದು ನಾನು ಸಮಾಧಾನ ಪಟ್ಟುಕೊಂಡಿದ್ದೇನೆ. ಆರೋಗ್ಯದ ದಾಖಲೆಯಂಥದ್ದಾದರೆ ಸಮಾಧಾನ ಪಡುತ್ತಿರಲಿಲ್ಲ.

ಮೂರನೆಯ ಅಭ್ಯಾಸದ ಮತದಾನ ಸೆಪೋಲಿಯಾ ಪರೀಕ್ಷಾ ಜಾಲದ ಮೇಲೆ ನಡೆಯಿತು. ಪ್ರತಿ ಮತದಾನಕ್ಕೂ ಹೊಸ ಕೀಲಿ ಎಂಬುದು ಈಗ ನಿಯಮ. ಶಿಕ್ಷಕಿಯವರು ತಮ್ಮ ಪಾಲಿನ 64 ಅಕ್ಷರಗಳನ್ನು ಫೋನಿನಲ್ಲಿ ಇಡಲು ಒಪ್ಪದೆ, ಗೆರೆ ಹಾಳೆಯ ಮೇಲೆ ನಾಲ್ಕು ನಾಲ್ಕರ ಗುಂಪು ಮಾಡಿ ದುಂಡಗೆ ಬರೆದು, ಎರಡು ಸಲ ಓದಿ ತಾಳೆ ನೋಡಿಕೊಂಡಿದ್ದರು. ಕಾರ್ಯದರ್ಶಿಯವರು ಆ ದಿನ ಊರಲ್ಲಿರಲಿಲ್ಲ. ಶಿಕ್ಷಕಿಯವರು ಮತ್ತು ಸಿಂಗಪುರದವರು ಸೇರಿ ತೆರೆದರು, ತೂಕ ಒಂದೂವರೆ ಮತ್ತು ಋಣ ಅರ್ಧ. 53 ಮತಗಳಲ್ಲಿ 31 ಒಪ್ಪಿಗೆ ಎಂದು ಮಗ್ಗಿಯಲ್ಲಿ ಸಿಕ್ಕಿತು, ಎರಡೂ ಪುರಾವೆಗಳನ್ನು ಕಾಂಟ್ರ್ಯಾಕ್ಟ್ ಒಪ್ಪಿತು. ಲಾಗ್‌ನಲ್ಲಿ ತಮ್ಮ ಮನೆಯ ಸಾಲನ್ನು ಶಿಕ್ಷಕಿಯವರೇ ಹುಡುಕಿ ನೋಡಿದರು. "ಇನ್ನು ಈ ಹಾಳೆ ಬೇಕೇನಪ್ಪಾ?" ಎಂದು ಕೇಳಿದರು. ಬೇಡ, ಮೇಡಂ, ಇರಲೂಬಾರದು ಎಂದೆ. ಮತಗಳು ಸರಪಳಿಯ ಮೇಲೆ ಉಳಿದೇ ಇರುವುದರಿಂದ ಎರಡು ಪಾಲುಗಳು ಯಾರದೋ ಕೈಗೆ ಸಿಕ್ಕಿದ ದಿನ ಅವೆಲ್ಲ ತೆರೆದುಕೊಳ್ಳುತ್ತವೆ ಎಂದು ವಿವರಿಸಿದೆ. ಅವರು ಹಾಳೆಯನ್ನು ಅಡುಗೆಮನೆಗೆ ಒಯ್ದು ಒಲೆಯ ಉರಿಗೆ ಹಿಡಿದರು. ಸಿಂಗಪುರದವರು ತಮ್ಮದನ್ನು ಅಳಿಸಿದ್ದಾಗಿ ಸಂದೇಶ ಕಳಿಸಿದರು. ಕಾರ್ಯದರ್ಶಿಯವರು ಊರಿಗೆ ಬಂದ ಮೇಲೆ ಮೂರನೆಯದನ್ನೂ ಅಳಿಸಿದರು.